ಹುಲ್ಲಿಗೆ ಏಳು ನಿಮಿಷ

ಮಾರ್ಚ್. ದ್ರುಜ್ನೊ ಸರೋವರದ ಮೇಲೆ
ಒಡೆದ ಹಪ್ಪಳದಂತೆ ತೇಲುವ ಮಂಜುಗಡ್ಡೆ.
ದೋಣಿಕಟ್ಟೆಯ ಕಚೇರಿಯಲ್ಲಿ ಬೊಗುಮಿಲಾ
ಮೇಜಿನ ತುಂಬ ನಕಾಶೆ ಹರಡಿ,
ಬ್ರೆಡ್ಡು ಕೊಯ್ಯುವ ಚಾಕುವನ್ನೇ ಅಡ್ಡಪಟ್ಟಿ ಮಾಡಿಕೊಂಡು
ಬೇಸಿಗೆಯನ್ನು ಅಳೆಯುತ್ತಿದ್ದಳು.

"ಪೆನ್ಸಿಲ್ಲಿನಲ್ಲೇ ಬರಿ, ಹುಡುಗಾ.
ಶಾಯಿಯಲ್ಲಿ ಬರೆಯುವ ಹಕ್ಕು ಗಾಳಿಗೆ ಮಾತ್ರ."

ಎಲ್ಬ್ಲಾಂಗ್ ಬಿಡುವುದು ಎಂಟಕ್ಕೆ.
ಸರೋವರ ದಾಟಲು ಒಂದೂಕಾಲು ತಾಸು,
ಜುಲೈ ಆದರೆ ಇನ್ನರ್ಧ ಕೂಡಿಸು:
ನೈದಿಲೆಯ ದಂಟು ಯಂತ್ರದ ರೆಕ್ಕೆಗೆ ಸುತ್ತಿಕೊಂಡರೆ
ಬಾಗಿ ಬಿಡಿಸಬೇಕು,
ನಿದ್ದೆಗಣ್ಣಿನ ಮಗುವಿನ ಸಿಕ್ಕುಗೂದಲು ಬಿಡಿಸುವ ಹಾಗೆ,
ಬೈಯದೆ.
ಆಮೇಲೆ ಐದು ದಿಣ್ಣೆ.
ಅಲ್ಲಿಗೆ ನೀರು ಮುಗಿಯುತ್ತದೆ, ದಾರಿ ಉಳಿದಿರುತ್ತದೆ.
ದೋಣಿ ಬಂಡಿ ಹತ್ತುತ್ತದೆ.
ನಮ್ಮಲ್ಲಿ ಗಾದೆ ದಿನಗೂಲಿಗೆ ದುಡಿಯುತ್ತದೆ:
ಕಬ್ಬಿಣದ ಬಂಡಿ, ಹಳಿ, ಉಕ್ಕಿನ ಹಗ್ಗ,
ಹಗ್ಗದ ಆ ತುದಿಗೆ ಮುತ್ತಜ್ಜನ ಕಾಲದ ನೀರ್ಗಾಲಿ.
ನೀರೇ ದೋಣಿಯನ್ನು ನೀರಿನಿಂದೆತ್ತಿ
ಹುಲ್ಲಿನ ಮೇಲೆ ಬಿಟ್ಟು ಬರುತ್ತದೆ,
ತವರಿನವರು ಊರ ಗಡಿಯವರೆಗೆ ಬಂದು
ಬೀಳ್ಕೊಡುವ ಹಾಗೆ.

ಕಾಗದಗಳು ಬರುತ್ತಿದ್ದವು.
ನಿವೃತ್ತ ಅಗ್ನಿಶಾಮಕರ ಬ್ಯಾಂಡು, ಮೂವತ್ತೊಂದು ಜನ:
ತೂಬಾ ವಾದ್ಯಕ್ಕೂ ಟಿಕೀಟು ಬೇಕೇ?
ಮದುಮಗಳೊಬ್ಬಳಿಗೆ ದೋಣಿ ಗುಡ್ಡ ಹತ್ತುವಾಗಲೇ ಫೋಟೋ ಆಗಬೇಕು,
ಬಿಸಿಲು ಎಡಗಡೆಯಿಂದ.
ಒಸ್ತ್ರುದಾದ ಗಡಿಯಾರ ರಿಪೇರಿಯ ಹಿಪೋಲಿತ್:
"ನನಗೆ ಈಜು ಬಾರದು. ಸರೋವರ ಎಷ್ಟು ಆಳ?"
ಬೊಗುಮಿಲಾ ಬರೆಸಿದಳು:
"ಮುಳುಗುತ್ತಿದ್ದೇನೆ ಅನ್ನಿಸಿದರೆ ಎದ್ದು ನಿಲ್ಲಿ.
ಕೆಸರಿನದು ಬೇರೆ ಲೆಕ್ಕ."

ಈಸ್ಟರಿನ ಹೊತ್ತಿಗೆ ಅವಳ ಮಂಡಿಗೆ ಶಸ್ತ್ರಚಿಕಿತ್ಸೆ.
ನನ್ನ ಪಾಲಿಗೆ ಮೇಜು, ಚಾಕು,
ಇಪ್ಪತ್ತೆರಡು ವರ್ಷದ ವೇಳಾಪಟ್ಟಿಗಳು.
ಎಲ್ಲದರಲ್ಲೂ ಬುಚಿನ್ಯೆತ್ಸ್ ದಿಣ್ಣೆ ದಾಟಿದ ಮೇಲೆ
ಏಳು ನಿಮಿಷ. ಕಾರಣದ ಅಂಕಣ ಖಾಲಿ.
ಎರೇಸರು ತೆಗೆದುಕೊಂಡೆ.
ಊಟಕ್ಕೆ ಏಳು ನಿಮಿಷ ಮುಂಚೆ ಮುಟ್ಟುವ ಪಟ್ಟಿ
ಎಷ್ಟು ಚೊಕ್ಕವಾಗಿ ಕಂಡಿತೆಂದರೆ
ಶಾಯಿಯಲ್ಲಿ ತಿದ್ದಿ ಗೋಡೆಗೆ ಅಂಟಿಸಿದೆ.

ಮೇ ತಿಂಗಳ ಮೊದಲ ದೋಣಿ.
ಕೊನೆಯ ದಿಣ್ಣೆಯ ಬುಡದಲ್ಲಿ ಯಂತ್ರ ನಿಲ್ಲಿಸಿದೆವು.
ಬ್ರುನೋ ಮೇಲಿನಿಂದ ಗಂಟೆ ಬಾರಿಸಿದ.
ಬಂಡಿ ಜಗ್ಗಿತು; ದೋಣಿ
ನೆಂದ ಎಮ್ಮೆಯ ಹಾಗೆ ಸುರಿಸುತ್ತ ಎದ್ದಿತು.
ನೀರಿನ ಸದ್ದು ತೊಟ್ಟು ತೊಟ್ಟಾಗಿ ಹಿಂದುಳಿದು
ಬಾನಾಡಿಯೊಂದರ ಚಿಲಿಪಿಲಿ.
ಬೆಳಗಿನಿಂದ ಸಾಸೇಜಿನ ಬೆಲೆಗೆ ಜಗಳಾಡುತ್ತಿದ್ದ ದಂಪತಿ
ಬಾಯಿ ಮುಚ್ಚಿದರು.
ಈಜು ಬಾರದ ಹಿಪೋಲಿತ್ ಎದ್ದು ನಿಂತ,
ಟೋಪಿ ತೆಗೆದು ಕಂಕುಳಲ್ಲಿಟ್ಟು
ಎಟುಕದ ಹುಲ್ಲಿನತ್ತ ಕೈ ಚಾಚಿದ.
ದೋಣಿಯಡಿ ಹಳದಿ ಹೂಗಳು ಸಾಗಿದವು.
ಎದುರಿನ ಹಳಿಯಲ್ಲಿ ಖಾಲಿ ಬಂಡಿಯೊಂದು
ಪರಿಚಯವಿದ್ದವರ ಹಾಗೆ ಹಾದು ಕೆಳಗಿಳಿಯಿತು.

ಆಚೆ ಮತ್ತೆ ನೀರು. ಯಂತ್ರ ಗುರುಗುಟ್ಟಿತು.
ನಾನು ಮೈಕು ಹಿಡಿದೆ:
"ಮುಂದೆ ಮಾಲ್ದಿತಿ. ಹುರುಳಿ ಸೂಪು. ಯಾರ್ಯಾರಿಗೆ ಮಾಂಸ ಬೇಡ?"
ಒಂದು ಕೈ ಏಳಲಿಲ್ಲ.
ನಲವತ್ತು ಮುಖ ಹಿಂದಕ್ಕೆ ತಿರುಗಿ
ಗುಡ್ಡ ನೋಡುತ್ತಿದ್ದವು.
ಇನ್ನೊಮ್ಮೆ ಕೇಳಿದೆ. ಮೈಕು ಕೆಳಗಿಟ್ಟೆ.
ಹಿಪೋಲಿತ್ ಟೋಪಿ ಹಾಕಿಕೊಂಡು, "ಏನೋ ಕೇಳಿದಿರಲ್ಲ?" ಅಂದಾಗ
ಗಡಿಯಾರ ನೋಡಿದೆ.

ಸಂಜೆ ಬ್ರುನೋ ಫೋನಿನಲ್ಲಿ:
"ಬೊಗುಮಿಲಾ ನಡೆಯುತ್ತಿದ್ದಾಳಾ?"
ಕೋಲು ಹಿಡಿದು ಅಂಗಳದವರೆಗೆ, ಅಂದೆ.
ಗೋಡೆಯ ಪಟ್ಟಿ ಕಿತ್ತು, ಹೊಸ ಹಾಳೆಯಲ್ಲಿ
ಪೆನ್ಸಿಲ್ಲಿನಿಂದ ಏಳು.
ಕಾರಣ: ಹುಲ್ಲು.

ತೂಬಾಗೆ ಅರ್ಧ ಟಿಕೀಟೋ, ಪೂರ್ತಿಯೋ,
ಇನ್ನೂ ಬರೆದಿಲ್ಲ.